ಸೇವಕನ ಉಡುಪು ಕಟ್ಟಿಕೊಳ್ಳಿ

ವಾಕ್ಯಭಾಗ: 1 ಪೇತ್ರ 5:1–7
ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಯೌವನಸ್ಥರ ಸಂಯುಕ್ತ ಕೂಟದಲ್ಲಿ ಕೊಟ್ಟ ಸಂದೇಶದ ಬರಹರೂಪ

ಬೆಳಿಗ್ಗೆ ಬಸ್ಸು ಹಿಡಿದು, ರೈಲು ಹಿಡಿದು, ಬೈಕಿನಲ್ಲಿ ಮೂರು ಮೂರು ಜನ ಕೂತು (ಅದು ತಪ್ಪು, ಮುಂದಿನ ಸಾರಿ ಮಾಡಬೇಡಿ) ನಾಲ್ಕು ಊರಿನಿಂದ ಬಂದಿದ್ದೀರಿ. ವಾರವೆಲ್ಲಾ ಬಿಡದಿ ಫ್ಯಾಕ್ಟರಿಯಲ್ಲಿ ಶಿಫ್ಟು, ಬೆಂಗಳೂರಲ್ಲಿ ಆಫೀಸು, ಗಾರ್ಮೆಂಟ್ಸು, ಕಾಲೇಜು ಅಂತ ಓಡಾಡಿ, ಇರೋ ಒಂದು ರಜೆಯನ್ನೂ ದೇವರ ಸನ್ನಿಧಿಗೆ ಕೊಟ್ಟಿದ್ದೀರಿ. ಕರ್ತನು ನಿಮ್ಮನ್ನು ಆಶೀರ್ವದಿಸಲಿ.

ಇವತ್ತು ಅಭಿಷೇಕದ ಬಗ್ಗೆ, ವರಗಳ ಬಗ್ಗೆ ಮಾತಾಡ್ತಾರೆ ಅಂತ ನೀವು ಅಂದುಕೊಂಡು ಬಂದಿರಬಹುದು. ನಾನು ದೀನತೆಯ ಬಗ್ಗೆ ಮಾತಾಡ್ತೀನಿ. ಕಾರಣ ಇದೆ, ನೇರವಾಗಿ ಹೇಳ್ತೀನಿ. ಈ ನಾಲ್ಕು ಸಭೆಗಳಿಂದ ಇತ್ತೀಚೆಗೆ ಇಬ್ಬರು ಯೌವನಸ್ಥರು ಬರೋದು ನಿಲ್ಲಿಸಿದ್ದಾರೆ. ಅವರು ಲೋಕಕ್ಕೆ ಹೋಗಲಿಲ್ಲ, ಕುಡಿಯೋಕೆ ಹೋಗಲಿಲ್ಲ. ಒಬ್ಬನಿಗೆ ಆರಾಧನೆಯಲ್ಲಿ ಮೈಕ್ ಕೊಡಲಿಲ್ಲ ಅಂತ ನೋವು. ಇನ್ನೊಬ್ಬಳು ಎರಡು ವರ್ಷ ಸಂಡೇ ಸ್ಕೂಲ್ ನಡೆಸಿದಳು. ವಾರ್ಷಿಕೋತ್ಸವದ ದಿನ ಎಲ್ಲರ ಹೆಸರು ಹೇಳಿದರು, ಅವಳ ಹೆಸರು ಬಿಟ್ಟರು. ಕೇಳೋಕೆ ಚಿಕ್ಕ ವಿಷಯ ಅಲ್ವಾ? ಆದರೆ ಎರಡು ಆತ್ಮಗಳು ಇವತ್ತು ಈ ಹಾಲಿನಲ್ಲಿ ಇಲ್ಲ. ತಪ್ಪು ಅವರದ್ದು ಮಾತ್ರ ಅಂತ ನಾನು ಹೇಳೋದಿಲ್ಲ. ಹೆಸರು ಬಿಟ್ಟವರದ್ದೂ ಇದೆ, ಮೈಕನ್ನು ಸಿಂಹಾಸನ ಮಾಡಿದವರದ್ದೂ ಇದೆ. ಸೈತಾನ ನಮ್ಮ ಸಭೆಗಳನ್ನು ಒಡೆಯೋಕೆ ದೊಡ್ಡ ಪಾಪ ಹುಡುಕಬೇಕಾಗಿಲ್ಲ. ಒಂದು ಮೈಕು ಸಾಕು.

ಸತ್ಯವೇದ ತೆಗೆಯಿರಿ. ಮೊಬೈಲಿನಲ್ಲಿ ಓದೋರು ನೋಟಿಫಿಕೇಶನ್ ಆಫ್ ಮಾಡಿ. ಪೇತ್ರನ ಮೊದಲನೆಯ ಪತ್ರಿಕೆ, ಐದನೇ ಅಧ್ಯಾಯ.

ಮೊದಲು ಹಿರಿಯರಿಗೆ, ಆಮೇಲೆ ಕಿರಿಯರಿಗೆ

ಐದನೇ ವಚನದಲ್ಲಿ ಪೇತ್ರನು ಯೌವನಸ್ಥರಿಗೆ ಹಿರಿಯರ ಮಾತಿಗೆ ಒಳಗಾಗಿ ಅಂತಾನೆ. ಈ ವಚನ ನಿಮಗೆಲ್ಲಾ ಗೊತ್ತು, ಯಾಕಂದ್ರೆ ಹಿರಿಯರಿಗೆ ಇದು ಬಹಳ ಇಷ್ಟದ ವಚನ! (ನಗು) ಆದರೆ ಅದಕ್ಕೆ ಮುಂಚೆ ನಾಲ್ಕು ವಚನ ಇದೆ. ಅಲ್ಲಿ ಪೇತ್ರ ಯಾರ ಜೊತೆ ಮಾತಾಡ್ತಿದ್ದಾನೆ? ಹಿರಿಯರ ಜೊತೆ, ಕುರುಬರ ಜೊತೆ, ಅಂದ್ರೆ ನನ್ನಂಥವರ ಜೊತೆ. ಹಣದಾಸೆಯಿಂದ ಸೇವೆ ಮಾಡಬೇಡಿ, ನಿಮಗೆ ಒಪ್ಪಿಸಿದವರ ಮೇಲೆ ದೊರೆತನ ಮಾಡಬೇಡಿ, ಮಂದೆಗೆ ಮಾದರಿಯಾಗಿರಿ ಅಂತ ಹೇಳಿದ ಮೇಲೆಯೇ ಅವನು ಕಿರಿಯರ ಕಡೆ ತಿರುಗ್ತಾನೆ. ಆಮೇಲೆ "ನೀವೆಲ್ಲರೂ" ಅಂತ ಸೇರಿಸ್ತಾನೆ. ಪಾಸ್ಟರೂ, ಹಿರಿಯರೂ, ಕೀಬೋರ್ಡ್ ನುಡಿಸೋ ತಮ್ಮನೂ, ಚಪ್ಪಲಿ ಸಾಲಾಗಿ ಇಡೋ ತಂಗಿಯೂ, ಎಲ್ಲರೂ.

ಇದನ್ನು ಬರೆದಿಟ್ಟುಕೊಳ್ಳಿ: ದೀನತೆ ಅನ್ನೋದು ಮೇಲಿರುವವರು ಕೆಳಗಿರುವವರಿಗೆ ಹೇಳಿಕೊಡೋ ಪಾಠ ಅಲ್ಲ. ಸಭೆಯಲ್ಲಿ ಅದು ಮೇಲಿನಿಂದ ಶುರುವಾಗಬೇಕು. ಕರ್ತನು ಮೇಲಿನಿಂದಲೇ ಇಳಿದು ಬಂದನು. ಆಮೆನ್?

ಕಟ್ಟಿಕೊಳ್ಳಬೇಕಾದ ಬಟ್ಟೆ

ಈಗ ಮುಖ್ಯವಾದ ಮಾತು. ದೀನಮನಸ್ಸನ್ನು ಬಟ್ಟೆಯ ಹಾಗೆ ಧರಿಸಿಕೊಳ್ಳಿ ಅಂತಾನೆ ಪೇತ್ರ. ನಾವು ಕೂತಿರೋದು ಎಲ್ಲಿ? ರೇಷ್ಮೆ ಊರಿನಲ್ಲಿ. ಇಲ್ಲಿನ ಸರ್ಕಾರಿ ಗೂಡು ಮಾರುಕಟ್ಟೆಯನ್ನು ಏಷ್ಯಾದಲ್ಲೇ ದೊಡ್ಡದು ಅಂತಾರೆ. ಇಲ್ಲಿ ತೆಗೆದ ನೂಲು ಎಲ್ಲೆಲ್ಲೋ ಸೀರೆಯಾಗಿ ಮದುವೆ ಮನೆಯಲ್ಲಿ ಮಿಂಚುತ್ತೆ. ಬಟ್ಟೆಯಿಂದ ಮನುಷ್ಯನ ಅಂತಸ್ತು ಅಳೆಯೋದು ಹೇಗೆ ಅಂತ ನಮ್ಮೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ಪೇತ್ರ ಹೇಳೋ ಬಟ್ಟೆ ಬೇರೆ. ಗ್ರೀಕ್ ಮೂಲದಲ್ಲಿ ಅವನು ಇಲ್ಲಿ ಬಳಸಿದ ಕ್ರಿಯಾಪದ ಇಡೀ ಹೊಸ ಒಡಂಬಡಿಕೆಯಲ್ಲಿ ಬೇರೆಲ್ಲೂ ಬರೋದಿಲ್ಲ. ಗಂಟು ಹಾಕಿ ಕಟ್ಟಿಕೊಳ್ಳೋದು ಅನ್ನೋ ಅರ್ಥ ಅದಕ್ಕಿದೆ. ಆ ಕಾಲದ ದಾಸರು ಕೆಲಸ ಮಾಡುವಾಗ ಮೈಮೇಲಿನ ಬಟ್ಟೆಗೆ ಇನ್ನೊಂದು ಬಟ್ಟೆ ಬಿಗಿದು ಕಟ್ಟಿಕೊಳ್ಳುತ್ತಿದ್ದರು. ಆ ಬಟ್ಟೆಯ ಹೆಸರಿಗೂ ಈ ಪದಕ್ಕೂ ಸಂಬಂಧ. ಅಡುಗೆ ಕಾಂಟ್ರಾಕ್ಟ್‌ನವರು ಸೊಂಟಕ್ಕೆ ಟವೆಲ್ ಬಿಗಿದುಕೊಳ್ಳೋದು ನೋಡಿದ್ದೀರಲ್ಲ, ಹಾಗೆ. ಮದುವೆ ಮನೆಯಲ್ಲಿ ಟವೆಲ್ ಕಟ್ಟಿದವನನ್ನು ನೋಡಿದ ಕೂಡಲೇ ಗೊತ್ತಾಗುತ್ತೆ, ಇವನು ಊಟಕ್ಕೆ ಬಂದವನಲ್ಲ, ಬಡಿಸೋಕೆ ಬಂದವನು ಅಂತ.

ಪೇತ್ರನಿಗೆ ಈ ಮಾತು ಎಲ್ಲಿಂದ ಬಂತು? ನನಗನ್ನಿಸೋದು, ಇದನ್ನು ಬರೆಯುವಾಗ ಅವನ ಕಣ್ಣ ಮುಂದೆ ಒಂದು ರಾತ್ರಿ ಇತ್ತು. ಯೋಹಾನ 13. ಮೇಲಂತಸ್ತಿನ ಕೋಣೆ, ಕಡೇ ಊಟ. ಲೂಕ 22ರಲ್ಲಿ ಓದಿದರೆ, ಅದೇ ಊಟದಲ್ಲಿ ಶಿಷ್ಯರು ನಮ್ಮೊಳಗೆ ಯಾರು ದೊಡ್ಡವನು ಅಂತ ಜಗಳ ಆಡ್ತಿದ್ದರು. ನಾಳೆ ಕರ್ತನು ಶಿಲುಬೆಗೆ ಹೋಗ್ತಾನೆ, ಇವರು ಸೀನಿಯಾರಿಟಿ ಲಿಸ್ಟ್ ಮಾಡ್ತಿದ್ದಾರೆ! ನೀರು ಇದೆ, ಬೋಗುಣಿ ಇದೆ, ಟವೆಲ್ ಇದೆ. ಹನ್ನೆರಡು ಜನರ ಕಾಲಿಗೂ ಧೂಳು ಮೆತ್ತಿದೆ. ಒಬ್ಬನೂ ಏಳಲಿಲ್ಲ. ಎದ್ದವನು ತೊಳೆದವನು ಅಂತ ಆಗಿಬಿಡುತ್ತೆ, ತೊಳೆದವನು ಚಿಕ್ಕವನು ಅಂತ ಆಗಿಬಿಡುತ್ತೆ.

ಆಗ ಯೇಸು ಎದ್ದನು. ಮೇಲುಹೊದಿಕೆ ತೆಗೆದಿಟ್ಟನು, ಟವೆಲ್ ಕಟ್ಟಿಕೊಂಡನು, ಮೊಣಕಾಲೂರಿದನು. ಅದಕ್ಕೆ ಮುಂಚೆ ಯೋಹಾನನು ಒಂದು ಮಾತು ಬರೀತಾನೆ, ಮೂರನೇ ವಚನ ನೋಡಿ. ತಂದೆ ಎಲ್ಲವನ್ನೂ ತನ್ನ ಕೈಗೆ ಕೊಟ್ಟಿದ್ದಾನೆ, ತಾನು ದೇವರ ಬಳಿಯಿಂದ ಬಂದವನು, ದೇವರ ಬಳಿಗೆ ಹೋಗುವವನು ಅಂತ ಯೇಸುವಿಗೆ ಗೊತ್ತಿತ್ತು. ಗೊತ್ತಿದ್ದೇ ಕಾಲು ತೊಳೆಯೋಕೆ ಎದ್ದನು.

ಇಲ್ಲಿ ಸ್ವಲ್ಪ ನಿಲ್ಲೋಣ. ಟವೆಲ್ ಹಿಡಿಯೋ ಧೈರ್ಯ ಯೇಸುವಿಗೆ ಎಲ್ಲಿಂದ ಬಂತು? ತಾನು ಯಾರು ಅಂತ ಗೊತ್ತಿದ್ದುದರಿಂದ. ಶಿಷ್ಯರು ಯಾಕೆ ಏಳಲಿಲ್ಲ? ತಾವು ಯಾರು ಅನ್ನೋದನ್ನು ಅವರು ಇನ್ನೂ ಪಕ್ಕದವನನ್ನು ನೋಡಿ ಲೆಕ್ಕ ಹಾಕ್ತಿದ್ದರು. ತಂದೆಯ ಪ್ರೀತಿಯಲ್ಲಿ ಬೇರೂರಿದವನಿಗೆ ಬಗ್ಗೋಕೆ ಭಯ ಇಲ್ಲ. ಲೈಕ್‌ನಿಂದ ಬದುಕೋನು ಬಗ್ಗಲಾರ. ಬಗ್ಗಿದರೆ ಬಿದ್ದೇ ಹೋಗ್ತೀನಿ ಅನ್ನೋ ಭಯ ಅವನಿಗೆ. ದೀನತೆ ಬೇಕು ಅಂತ ಪ್ರಾರ್ಥನೆ ಮಾಡೋ ಮುಂಚೆ, ಕರ್ತನೇ, ನಾನು ನಿನ್ನ ಮಗ, ನಿನ್ನ ಮಗಳು ಅನ್ನೋ ನಿಶ್ಚಯ ಕೊಡು ಅಂತ ಕೇಳಿ.

ಪೇತ್ರನ ಸರದಿ ಬಂತು. ನನ್ನ ಕಾಲನ್ನು ನೀನು ತೊಳೆಯೋದೇ ಬೇಡ ಅಂದುಬಿಟ್ಟ. ಭಕ್ತಿಯ ಹಾಗೆ ಕಾಣುತ್ತೆ, ಆದರೆ ಯೇಸು ಅದನ್ನು ಒಪ್ಪಲಿಲ್ಲ. ಸೇವೆ ಮಾಡಿಸಿಕೊಳ್ಳೋಕೆ ಒಪ್ಪದಿರೋದೂ ಒಂದು ಹೆಮ್ಮೆಯೇ. ನಿಮ್ಮಲ್ಲಿ ಎಷ್ಟೋ ಜನ ಎಲ್ಲರಿಗೂ ಪ್ರಾರ್ಥನೆ ಮಾಡ್ತೀರಿ, ನನಗೋಸ್ಕರ ಪ್ರಾರ್ಥಿಸಿ ಅಂತ ಮಾತ್ರ ಯಾರನ್ನೂ ಕೇಳೋದಿಲ್ಲ. ಇಎಂಐ ಕಟ್ಟೋಕಾಗ್ತಿಲ್ಲ, ರಾತ್ರಿ ನಿದ್ದೆ ಬರ್ತಿಲ್ಲ, ಮೊಬೈಲಿನಲ್ಲಿ ನೋಡಬಾರದ್ದು ನೋಡೋ ಚಟ ಬಿಡೋಕಾಗ್ತಿಲ್ಲ. ಯಾರಿಗೂ ಹೇಳಲ್ಲ. "ಹೇಗಿದ್ದೀಯಪ್ಪಾ?" ಅಂದ್ರೆ "ದೇವರ ಕೃಪೆ ಪಾಸ್ಟರ್, ಚೆನ್ನಾಗಿದ್ದೀನಿ." ಕಾಲು ಚಾಚಿ, ತಮ್ಮಾ. ಕರ್ತನು ಬೋಗುಣಿ ಹಿಡಿದು ನಿಂತಿದ್ದಾನೆ. ಅನೇಕ ಸಾರಿ ಒಬ್ಬ ಸಹೋದರನ ಕೈಯಿಂದಲೇ ತೊಳೀತಾನೆ.

ದೀನತೆ ಯಾವುದಲ್ಲ

ಈಗ ಒಂದು ಎಚ್ಚರಿಕೆ. ಈ ವಿಷಯವನ್ನು ತಪ್ಪಾಗಿ ಬೋಧಿಸಿದರೆ ಜನರಿಗೆ ಗಾಯವಾಗುತ್ತೆ. ನಮ್ಮ ಸಭೆಗಳಲ್ಲಿ ತಲೆತಲಾಂತರದಿಂದ ಬಗ್ಗಿಸಲ್ಪಟ್ಟ ಮನೆಗಳಿಂದ ಬಂದವರಿದ್ದಾರೆ. ಅವರ ಅಜ್ಜಂದಿರು ಬೇರೆ ಲೋಟದಲ್ಲಿ ಟೀ ಕುಡಿದವರು, ಬಾಗಿಲ ಹೊರಗೆ ನಿಂತು ಕೂಲಿ ಕೇಳಿದವರು. ಅವರಿಗೆ "ಇನ್ನೂ ತಗ್ಗು" ಅಂತ ಹೇಳೋದು ಸುವಾರ್ತೆ ಅಲ್ಲ. ಬೇರೆಯವರು ನನ್ನ ತಲೆ ಬಗ್ಗಿಸಿದರೆ ಅದು ಅವಮಾನ. ನಾನೇ ಪ್ರೀತಿಯಿಂದ ಬಗ್ಗಿದರೆ ಅದು ದೀನತೆ. ಪೇತ್ರ ಹೇಳಿರೋದು ದೇವರ ಬಲವಾದ ಕೈಯ ಕೆಳಗೆ ತಗ್ಗಿಸಿಕೊಳ್ಳಿ ಅಂತ. ಯಾವನದ್ದೋ ಕಾಲ ಕೆಳಗೆ ಅಂತ ಅಲ್ಲ.

ಅರಣ್ಯಕಾಂಡ 12ರಲ್ಲಿ ಮೋಶೆಯು ಭೂಮಿಯ ಮೇಲಿದ್ದ ಎಲ್ಲರಿಗಿಂತ ಸಾತ್ವಿಕ ಅಂತ ಬರೆದಿದೆ. ಇದೇ ಮೋಶೆ ಫರೋಹನ ಅರಮನೆಗೆ ಹೋಗಿ ನನ್ನ ಜನರನ್ನು ಬಿಟ್ಟುಬಿಡು ಅಂದವನು. ತನ್ನನ್ನು ಆಡಿಕೊಂಡಾಗ ಸುಮ್ಮನಿದ್ದ, ಜನರನ್ನು ತುಳಿದಾಗ ಸುಮ್ಮನಿರಲಿಲ್ಲ. ಅಪೊಸ್ತಲರ ಕೃತ್ಯಗಳು 16ರಲ್ಲಿ ಫಿಲಿಪ್ಪಿ ಊರಿನ ಅಧಿಕಾರಿಗಳು ಪೌಲನನ್ನೂ ಸೀಲನನ್ನೂ ವಿಚಾರಣೆ ಇಲ್ಲದೆ ಹೊಡೆಸಿದರು, ಮಾರನೇ ದಿನ ಗುಟ್ಟಾಗಿ ಹೋಗಿಬಿಡಿ ಅಂದರು. ಪೌಲ ಹೋಗಲಿಲ್ಲ. ನಾವು ರೋಮಾಪುರದ ಹಕ್ಕುದಾರರು, ಅವರೇ ಬಂದು ನಮ್ಮನ್ನು ಹೊರಗೆ ಕರಕೊಂಡು ಹೋಗಲಿ ಅಂದ. ದೀನತೆಯ ಬಗ್ಗೆ ಅತ್ಯಂತ ಆಳವಾದ ಮಾತನ್ನು ಪೌಲ ಯಾವ ಸಭೆಗೆ ಬರೆದ? ಅದೇ ಫಿಲಿಪ್ಪಿಯ ಸಭೆಗೆ! ಹಕ್ಕು ಕೇಳಿದವನೇ ದೀನತೆಯನ್ನೂ ಕಲಿಸಿದ. ನಮ್ಮ ಕರ್ತನೂ ಮಹಾಯಾಜಕನ ಮನೆಯಲ್ಲಿ ಕೆನ್ನೆಗೆ ಏಟು ಬಿದ್ದಾಗ, ನಾನು ಸರಿಯಾಗಿ ಮಾತಾಡಿದ್ದರೆ ಯಾಕೆ ಹೊಡೀತೀಯ ಅಂತ ಕೇಳಿದನು, ಯೋಹಾನ 18.

ಹಾಗಾದ್ರೆ ತಂಗೀ, ಆಫೀಸಿನಲ್ಲಿ ಮೇಲಿನವನು ಕೆಟ್ಟದಾಗಿ ನಡ್ಕೊಂಡರೆ ದೂರು ಕೊಡೋದು ಹೆಮ್ಮೆ ಅಲ್ಲ. ಮನೆಯಲ್ಲಿ ಗಂಡ ಕೈ ಎತ್ತಿದರೆ ಸಹಾಯ ಕೇಳೋದು ಅವಿಧೇಯತೆ ಅಲ್ಲ. ಒಬ್ಬ ಸೇವಕ, ನಾನು ಅಭಿಷಿಕ್ತ, ನನ್ನನ್ನು ಪ್ರಶ್ನೆ ಮಾಡಬಾರದು ಅಂತ ಹೇಳಿ ದುಡ್ಡಿನ ಲೆಕ್ಕ ಕೊಡದಿದ್ದರೆ, ಲೆಕ್ಕ ಕೇಳೋದು ತಪ್ಪಲ್ಲ. ಇದನ್ನು ಒಬ್ಬ ಪಾಸ್ಟರ್ ಬಾಯಿಂದಲೇ ನೀವು ಕೇಳಬೇಕು, ಅದಕ್ಕೇ ಹೇಳ್ತಿದ್ದೀನಿ.

ಇನ್ನೊಂದು ಕಡೆಯಿಂದಲೂ ಹೇಳ್ಬೇಕು. ನಮ್ಮಲ್ಲಿ ಕೆಲವರು ಆರಾಧನೆಯಲ್ಲಿ ಒಟ್ಟಿಗೆ ಕೈ ಎತ್ತುತ್ತೀವಿ, ಕರ್ತನ ಮೇಜಿನಲ್ಲಿ ಒಂದೇ ರೊಟ್ಟಿ ಮುರೀತೀವಿ. ಮದುವೆ ಮಾತು ಬಂದ ಕೂಡಲೇ ದನಿ ತಗ್ಗಿಸಿ "ಅವರು ಯಾವ ಜನ?" ಅಂತ ಕೇಳ್ತೀವಿ. ದೀಕ್ಷಾಸ್ನಾನದ ನೀರಿನಲ್ಲಿ ಹಳೇ ಮನುಷ್ಯ ಮುಳುಗಿದ, ಜಾತಿ ಮಾತ್ರ ಈಜಿಕೊಂಡು ದಡ ಸೇರಿತು! ಇದು ಹೆಮ್ಮೆಯ ಬೇರು. ಯೌವನಸ್ಥರೇ, ನಿಮ್ಮ ತಲೆಮಾರಿನಲ್ಲಿ ಇದು ಕೊನೆಯಾಗಲಿ. ಆಮೆನ್ ಹೇಳಿ. ಇದಕ್ಕೆ ಆಮೆನ್ ಸ್ವಲ್ಪ ಮೆಲ್ಲಗೆ ಬಂತು, ಇನ್ನೊಂದು ಸಾರಿ ಹೇಳಿ. ಆಮೆನ್!

ಬಲವಾದ ಕೈಯ ಕೆಳಗೆ

ಆರನೇ ವಚನ. ದೇವರ ಕೈಯ ಕೆಳಗೆ ತಗ್ಗಿಸಿಕೊಳ್ಳಿ, ತಕ್ಕ ಕಾಲದಲ್ಲಿ ಆತನೇ ನಿಮ್ಮನ್ನು ಎತ್ತುತ್ತಾನೆ. ಇದನ್ನು ಅರ್ಥಮಾಡಿಕೊಳ್ಳೋಕೆ ದೂರ ಹೋಗೋದು ಬೇಡ. ನಿಮ್ಮಲ್ಲಿ ಅರ್ಧ ಜನರ ಮನೆಯಲ್ಲಿ ಹುಳು ಸಾಕಿದ್ದಾರೆ, ಇಲ್ಲಾ ನಿಮ್ಮ ಅಮ್ಮನೋ ಚಿಕ್ಕಮ್ಮನೋ ನೂಲು ತೆಗೆಯೋ ಕೆಲಸಕ್ಕೆ ಹೋಗಿದ್ದಾರೆ.

ಹಿಪ್ಪುನೇರಳೆ ಸೊಪ್ಪು ತಿನ್ನೋ ಹುಳು ಬೆಳೆಯುವಾಗ ನಾಲ್ಕು ಸಾರಿ ಜ್ವರಕ್ಕೆ ಕೂರುತ್ತೆ, ಅಲ್ವಾ? ಊರಲ್ಲಿ ಹಾಗೇ ಅಂತೀವಿ, ಒಂದನೇ ಜ್ವರ, ಎರಡನೇ ಜ್ವರ. ಆಗ ಅದು ತಿನ್ನಲ್ಲ, ಅಲ್ಲಾಡಲ್ಲ, ತಲೆ ಎತ್ತಿಕೊಂಡು ಸುಮ್ಮನೆ ಇರುತ್ತೆ. ಗೊತ್ತಿಲ್ಲದವರು ನೋಡಿದರೆ ಹುಳುವಿಗೆ ಏನೋ ಆಗಿದೆ ಅಂತಾರೆ. ಸಾಕಿದವರಿಗೆ ಗೊತ್ತು. ಆ ಹೊತ್ತಿನಲ್ಲಿ ಸೊಪ್ಪು ಹಾಕಲ್ಲ, ಸುಣ್ಣದ ಪುಡಿ ಉದುರಿಸಿ ಬಿಟ್ಟುಬಿಡ್ತಾರೆ. ಒಳಗೆ ಹಳೇ ಚರ್ಮ ಸಡಿಲವಾಗ್ತಿರುತ್ತೆ. ಅದನ್ನು ಕಳಚದೆ ಹುಳು ದೊಡ್ಡದಾಗಲ್ಲ.

ನಿಮ್ಮಲ್ಲಿ ಯಾರೋ ಈಗ ಜ್ವರಕ್ಕೆ ಕೂತಿದ್ದೀರಿ. ಬ್ಯಾಚಿನಲ್ಲಿ ಎಲ್ಲರಿಗೂ ಕೆಲಸ ಆಯ್ತು, ನನಗೆ ಆಗಿಲ್ಲ. ಜೊತೆಯವರಿಗೆ ಪ್ರಮೋಷನ್, ನನಗಿಲ್ಲ. ಸಭೆಯಲ್ಲಿ ವಾಕ್ಯ ಹೇಳೋಕೆ ಅವನನ್ನು ಕರೆದರು, ನನ್ನನ್ನು ಕರೆದಿಲ್ಲ. ಕರ್ತನು ಮರೆತಿದ್ದಾನೆ ಅಂದ್ಕೋಬೇಡಿ. ಸಾಕೋನಿಗೆ ಗೊತ್ತು. ಇದು ಹಳೇ ಚರ್ಮ ಕಳಚೋ ಕಾಲ. ತಕ್ಕ ಕಾಲ ಯಾವುದು ಅಂತ ನಿರ್ಧರಿಸೋನು ಆತನು. ನಮ್ಮ ಕೈಯಲ್ಲಿರೋ ಕ್ಯಾಲೆಂಡರ್ ಅಲ್ಲ.

ಮುಂದಕ್ಕೆ ಹೋಗೋಣ. ಹುಳು ಹಣ್ಣಾಗಿ, ಚಂದ್ರಿಕೆಗೆ ಬಿಟ್ಟು, ಗೂಡು ಕಟ್ಟಿ, ಮಾರುಕಟ್ಟೆಯಿಂದ ರೀಲರ್ ಹತ್ತಿರ ಬಂತು. ಗೂಡು ಎಷ್ಟೇ ಚೆನ್ನಾಗಿದ್ದರೂ ಹಾಗೇ ನೂಲು ಬರಲ್ಲ. ಕುದಿಯೋ ನೀರಿಗೆ ಹಾಕಬೇಕು. ಎಳೆಗಳನ್ನು ಹಿಡಿದುಕೊಂಡಿರೋ ಅಂಟು ಮೆತ್ತಗಾದ ಮೇಲೆ ತುದಿ ಸಿಗುತ್ತೆ. ಒಂದು ಒಳ್ಳೇ ದ್ವಿತಳಿ ಗೂಡಿನಲ್ಲಿ ಸುಮಾರು ಒಂದು ಕಿಲೋಮೀಟರ್ ಉದ್ದದ ಎಳೆ ಇರುತ್ತೆ. ಆದರೆ ಆ ಒಂದೇ ಎಳೆಯಿಂದ ಸೀರೆ ಆಗಲ್ಲ, ಅಷ್ಟು ನವಿರು ಅದು. ಎಂಟು ಹತ್ತು ಗೂಡುಗಳ ಎಳೆ ಒಟ್ಟಿಗೆ ಸೇರಿದರೆ ಒಂದು ನೂಲು. ಆ ನೂಲಿನಲ್ಲಿ ಇದು ಚನ್ನಪಟ್ಟಣದ ಗೂಡಿನ ಎಳೆ, ಇದು ಕನಕಪುರದ್ದು ಅಂತ ಯಾರಾದರೂ ತೋರಿಸೋಕಾಗುತ್ತಾ? ಆರಾಧನಾ ತಂಡದವರು ದಯವಿಟ್ಟು ಕೇಳಿಸ್ಕೊಳ್ಳಿ. ಒಂದೊಂದು ದನಿಯೂ ನಿಜವಾಗಿ ಬೇಕು. ಎದ್ದು ಕಾಣಬೇಕು ಅಂತ ಒಂದು ಎಳೆ ಹಟ ಹಿಡಿದರೆ ನೂಲು ಅಲ್ಲೇ ಕಿತ್ತುಹೋಗುತ್ತೆ.

ಇನ್ನೊಂದು ಮಾತು. ಆಗಷ್ಟೇ ತೆಗೆದ ಕಚ್ಚಾ ರೇಷ್ಮೆ ಮುಟ್ಟಿ ನೋಡಿದ್ದೀರಾ? ಒರಟು, ಮಂಕು, ಹೊಳಪೇ ಇರಲ್ಲ. ಇನ್ನೂ ಅಂಟು ಇರುತ್ತೆ. ಸೋಪಿನ ನೀರಿನಲ್ಲಿ ಮತ್ತೆ ಕುದಿಸಿ ಅಂಟು ತೆಗೀತಾರೆ. ಆಗ ತೂಕದಲ್ಲಿ ಹೆಚ್ಚು ಕಡಿಮೆ ಕಾಲು ಭಾಗ ಹೋಗಿಬಿಡುತ್ತೆ. ತೂಕ ನೋಡೋರಿಗೆ ನಷ್ಟ! ಆದರೆ ರೇಷ್ಮೆ ರೇಷ್ಮೆಯ ಹಾಗೆ ಹೊಳೆಯೋದು ಆಮೇಲೆಯೇ. ದೇವರು ನಮ್ಮನ್ನು ತಗ್ಗಿಸುವಾಗಲೂ ತೂಕ ಕಳೆದುಹೋಗೋ ಹಾಗೆ ಅನ್ಸುತ್ತೆ. ನನ್ನ ಹೆಸರು ಹೋಯ್ತು, ನನ್ನ ಸ್ಥಾನ ಹೋಯ್ತು ಅಂತೀವಿ. ಹೋಗಿದ್ದು ಅಂಟು, ಪ್ರಿಯರೇ. ಎಳೆ ಅಲ್ಲೇ ಇದೆ. ಸ್ತೋತ್ರ!

ಕೀರ್ತನೆ 22 ನಿಮಗೆ ಗೊತ್ತು. ಶಿಲುಬೆಯ ಮೇಲೆ ಯೇಸು ಕೂಗಿದ ಮಾತು ಆ ಕೀರ್ತನೆಯ ಆರಂಭ. ಅದರ ಆರನೇ ವಚನದಲ್ಲಿ ಮಾತಾಡುವವನು ತನ್ನನ್ನು ಮನುಷ್ಯನಲ್ಲ, ಹುಳ ಅಂತ ಕರ್ಕೊಳ್ತಾನೆ. ಅದು ರೇಷ್ಮೆ ಹುಳುವಿನ ಬಗ್ಗೆ ಬರೆದದ್ದಲ್ಲ, ನಿಜ. ಆದರೆ ನಮ್ಮೂರಿನವರಿಗೆ ಅದು ಬೇಗ ತಾಕುತ್ತೆ. ಹುಳು ತನಗಾಗಿ ಕಟ್ಟಿದ ಗೂಡಿನೊಳಗೆ ಜೀವ ಬಿಟ್ಟು, ಇನ್ನೊಬ್ಬರು ಉಡೋ ವಸ್ತ್ರವಾಗುತ್ತೆ. ನಮ್ಮ ಕರ್ತನು ಬಟ್ಟೆ ಕಿತ್ತುಕೊಳ್ಳಲ್ಪಟ್ಟು ಸತ್ತನು, ನಾವು ನೀತಿಯ ವಸ್ತ್ರ ಉಟ್ಟುಕೊಳ್ಳಲಿ ಅಂತ. ಇದನ್ನು ಉಟ್ಟುಕೊಂಡು ಯಾರ ಮುಂದೆ ಜಂಬ ಪಡೋದು?

ಇಬ್ಬರು ಸಾಕ್ಷಿಗಳು

ನಾವು ಪೆಂತೆಕೊಸ್ತಿನವರು ಅಂತ ಹೇಳ್ಕೊಳ್ತೀವಿ. ನಮ್ಮ ಬೇರು ಎಲ್ಲಿದೆ ಗೊತ್ತಾ? 1906ರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನ ಅಜೂಸಾ ಬೀದಿಯಲ್ಲಿ ಉಜ್ಜೀವನ ಆಯಿತು. ಅದನ್ನು ನಡೆಸಿದವರು ವಿಲಿಯಂ ಸೀಮೋರ್. ಅವರ ತಂದೆತಾಯಿ ಗುಲಾಮರಾಗಿದ್ದವರು. ಅವರಿಗೆ ಒಂದು ಕಣ್ಣು ಕಾಣ್ತಿರಲಿಲ್ಲ. ಬೈಬಲ್ ಶಾಲೆಯಲ್ಲಿ ಕಪ್ಪು ಜನರು ಬಿಳಿಯರ ಜೊತೆ ಕೂರೋ ಹಾಗಿರಲಿಲ್ಲ, ಅದಕ್ಕೆ ಕೋಣೆಯ ಹೊರಗೆ ಕೂತು ಪಾಠ ಕೇಳಿದರು. ಅಜೂಸಾದಲ್ಲಿ ಅವರ ಪೀಠ ಯಾವುದು? ಒಂದರ ಮೇಲೊಂದು ಇಟ್ಟ ಎರಡು ಮರದ ಪೆಟ್ಟಿಗೆ, ಅಂಗಡಿಗೆ ಚಪ್ಪಲಿ ಬೂಟು ತುಂಬಿಸಿ ಕಳಿಸ್ತಾರಲ್ಲ, ಅಂಥವು. ಕೂಟ ನಡೀತಿರುವಾಗ ಅವರು ಆ ಪೆಟ್ಟಿಗೆಯೊಳಗೆ ತಲೆ ಇಟ್ಟು ಪ್ರಾರ್ಥಿಸುತ್ತಿದ್ದರು ಅಂತ ಅಲ್ಲಿದ್ದವರೇ ಬರೆದಿದ್ದಾರೆ. ಕಪ್ಪು ಬಿಳಿ ಅನ್ನದೆ ಜನ ಒಟ್ಟಿಗೆ ಮೊಣಕಾಲೂರಿದರು. ಇವತ್ತು ನಮ್ಮ ಫ್ಲೆಕ್ಸ್ ನೋಡಿ. ಕರ್ತನ ಹೆಸರು ಒಂದು ಮೂಲೆಯಲ್ಲಿ, ಪ್ರವಾದಿ, ಅಪೊಸ್ತಲ, ಡಾಕ್ಟರ್ ಅಂತ ನಮ್ಮ ಫೋಟೋ ನಡುವೆ!

ಇನ್ನೊಬ್ಬರು ನಮ್ಮ ನೆಲದಲ್ಲೇ ಹುಟ್ಟಿದವರು. ಪಂಡಿತಾ ರಮಾಬಾಯಿ, 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಾಯಿಯೇ ಸಂಸ್ಕೃತ ಕಲಿಸಿದರು. ಬರಗಾಲದಲ್ಲಿ ತಂದೆತಾಯಿ ತೀರಿಕೊಂಡರು. 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಆ ಚಿಕ್ಕ ವಯಸ್ಸಿನ ಹೆಣ್ಣುಮಗಳಿಗೆ ಪಂಡಿತಾ, ಸರಸ್ವತಿ ಅನ್ನೋ ಬಿರುದು ಕೊಟ್ಟರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಆಯಿತು. ಅಷ್ಟು ಓದಿದವರು, ಬಿರುದು ಹಿಡಿದು ಬದುಕಬಹುದಿತ್ತು. ಅವರು ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ಮುಕ್ತಿ ಮಿಷನ್ ಕಟ್ಟಿ, ವಿಧವೆಯರನ್ನೂ ಬರಗಾಲದಲ್ಲಿ ದಿಕ್ಕಿಲ್ಲದ ನೂರಾರು ಹೆಣ್ಣುಮಕ್ಕಳನ್ನೂ ಸಾಕಿದರು. 1905ರಲ್ಲಿ, ಅಂದ್ರೆ ಅಜೂಸಾಕ್ಕಿಂತ ಮುಂಚೆಯೇ, ಪವಿತ್ರಾತ್ಮನು ಆ ಹುಡುಗಿಯರ ಮೇಲೆ ಇಳಿದನು. ರಮಾಬಾಯಿ ಕೊನೆಯ ವರ್ಷಗಳಲ್ಲಿ ಇಬ್ರಿಯ, ಗ್ರೀಕ್ ಕಲಿತು ಸತ್ಯವೇದವನ್ನು ಮರಾಠಿಗೆ ತಂದರು. ಪಂಡಿತರ ಮರಾಠಿಗಲ್ಲ, ಓದು ಬರಹ ಕಡಿಮೆ ಇರೋ ಹೆಂಗಸರಿಗೆ ಅರ್ಥವಾಗೋ ಸರಳ ಮರಾಠಿಗೆ. ಮುಕ್ತಿಯ ಹೆಣ್ಣುಮಕ್ಕಳೇ ಅಚ್ಚು ಹಾಕಿದರು. ಮಹಾ ಪಂಡಿತೆ ತನ್ನ ಪಾಂಡಿತ್ಯವನ್ನು ತಗ್ಗಿಸಿ ಇನ್ನೊಬ್ಬರ ಕೈಗೆ ಎಟಕುವ ಹಾಗೆ ಇಟ್ಟರು. ಇಂಗ್ಲಿಷ್ ಚೆನ್ನಾಗಿ ಬರೋ ತಮ್ಮಂದಿರೇ, ಹಳ್ಳಿಯಿಂದ ಬಂದ ಅಜ್ಜಿ ಪಕ್ಕದಲ್ಲಿ ಕೂತಿರುವಾಗ ಇದನ್ನು ನೆನಪಿಟ್ಟುಕೊಳ್ಳಿ.

ಭಾರ ಒಪ್ಪಿಸೋದೂ ದೀನತೆಯೇ

ಏಳನೇ ವಚನ ಎಲ್ಲರಿಗೂ ಬಾಯಿಪಾಠ. ನಿಮ್ಮ ಚಿಂತೆಯೆಲ್ಲಾ ಆತನ ಮೇಲೆ ಹಾಕಿ, ಆತನು ನಿಮ್ಮನ್ನು ನೋಡಿಕೊಳ್ಳುತ್ತಾನೆ ಅನ್ನೋ ವಾಗ್ದಾನ. ಇದನ್ನು ಬೇರೆ ಮಾಡಿ ವಾಟ್ಸಾಪ್ ಸ್ಟೇಟಸ್‌ಗೆ ಹಾಕ್ತೀವಿ. ಆದರೆ ಪೇತ್ರನ ವಾಕ್ಯದಲ್ಲಿ ಇದು ಬೇರೆ ಅಲ್ಲ. ಮೂಲದಲ್ಲಿ ಆರನೇ ವಚನದ ಮುಂದುವರಿಕೆ: ಚಿಂತೆಯನ್ನು ಆತನ ಮೇಲೆ ಹಾಕುತ್ತಾ ನಿಮ್ಮನ್ನು ತಗ್ಗಿಸಿಕೊಳ್ಳಿ ಅನ್ನೋ ಹಾಗೆ. ತಗ್ಗೋದು ಹೇಗೆ ಪಾಸ್ಟರ್ ಅಂತ ಕೇಳ್ತೀರಲ್ಲಾ, ಇಗೋ ಉತ್ತರ. ಹೊತ್ತಿರೋ ಮೂಟೆ ಇಳಿಸಿ, ಕರ್ತನೇ, ಇದು ನನ್ನ ಕೈಲಿ ಆಗಲ್ಲ ಅನ್ನಿ. ಎಲ್ಲವನ್ನೂ ನಾನೇ ನಿಭಾಯಿಸ್ತೀನಿ ಅನ್ನೋ ಮನಸ್ಸು ಹೊರಗಿನಿಂದ ಜವಾಬ್ದಾರಿ ಹಾಗೆ ಕಾಣುತ್ತೆ, ಒಳಗೆ ದೇವರ ಕುರ್ಚಿಯಲ್ಲಿ ಕೂತಿರುತ್ತೆ. ನಾನು ಮನುಷ್ಯ, ನೀನು ದೇವರು ಅಂತ ಒಪ್ಪಿಕೊಂಡವನಿಗೆ ನಿದ್ದೆ ಬರುತ್ತೆ.

ಈ ವಾರ ಏನು ಮಾಡೋಣ?

ವಾಕ್ಯ ಕೇಳಿ ಮನೆಗೆ ಹೋದರೆ ಸಾಲದು. ಮೂರು ಕೆಲಸ ಹೇಳ್ತೀನಿ.

ಮೊದಲನೆಯದು, ಯಾರಿಗೂ ಗೊತ್ತಾಗದ ಹಾಗೆ ಒಂದು ಸೇವೆ ಮಾಡಿ. ಮಾಗಡಿಯವರೇ, ನಿಮ್ಮ ತಾಲ್ಲೂಕಿನ ಹುಲಿಕಲ್‌ನಿಂದ ಕುದೂರಿಗೆ ಹೋಗೋ ರಸ್ತೆ ಗೊತ್ತಲ್ಲಾ? ಸಾಲುಮರದ ತಿಮ್ಮಕ್ಕನವರೂ ಅವರ ಯಜಮಾನರೂ ನೀರು ಹೊತ್ತು ಹಾಕಿ ಬೆಳೆಸಿದ 385 ಆಲದ ಮರ. 2019ರಲ್ಲಿ ಪದ್ಮಶ್ರೀ ಬಂತು. ಆದರೆ ಸಸಿಗೆ ನೀರು ಹೊತ್ತ ವರ್ಷಗಳಲ್ಲಿ ಕ್ಯಾಮೆರಾ ಇರಲಿಲ್ಲ. ನೆರಳಲ್ಲಿ ನಿಂತವನು ನೆಟ್ಟವರ ಹೆಸರು ಕೇಳಲ್ಲ, ಮರವೂ ಹೇಳಲ್ಲ. ಸಭೆಯ ಟಾಯ್ಲೆಟ್ ತೊಳೀರಿ, ಕುರ್ಚಿ ಜೋಡಿಸಿ, ಆಸ್ಪತ್ರೆಯಲ್ಲಿರೋ ಒಬ್ಬರ ಜೊತೆ ರಾತ್ರಿ ಇರಿ. ಫೋಟೋ ಬೇಡ, ರೀಲ್ಸ್ ಬೇಡ. ಗುಟ್ಟಾದದ್ದನ್ನು ನೋಡೋ ತಂದೆ ಇದ್ದಾನೆ, ಮತ್ತಾಯ 6.

ಎರಡನೆಯದು, ನಿಮಗಿಂತ ಚಿಕ್ಕವರ ಹತ್ತಿರ ಹೋಗಿ, ನನ್ನಲ್ಲಿ ಏನು ತಿದ್ದಿಕೊಳ್ಳಬೇಕು ಅಂತ ಕೇಳಿ. ಚನ್ನಪಟ್ಟಣದ ಗೊಂಬೆಗಳನ್ನು ನೋಡಿ. ಮರವನ್ನು ತಿರುಗಿಸಿ ತಿರುಗಿಸಿ ಮೂಲೆಗಳೆಲ್ಲಾ ಹೋಗೋವರೆಗೂ ಕಡೀತಾರೆ, ಆಮೇಲೆ ಅರಗಿನ ಬಣ್ಣ. ಮಗು ಬಾಯಿಗೆ ಇಟ್ಟುಕೊಂಡರೂ ಚುಚ್ಚಬಾರದು. ನಮ್ಮ ಹತ್ತಿರ ಬಂದವರಿಗೆ ನಾವು ಚುಚ್ಚುತ್ತೀವಾ? ಮಕ್ಕಳು ಹೆದರದೆ ಹತ್ತಿರ ಬರ್ತಾರಾ? ಉತ್ತರ ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಮೂರನೆಯದು, ಸಭೆ ಬಿಟ್ಟ ಆ ಇಬ್ಬರ ಮನೆಗೆ ಹೋಗೋಣ. ಬುದ್ಧಿ ಹೇಳೋಕಲ್ಲ. ನಿನ್ನ ಹೆಸರು ಹೇಳಬೇಕಿತ್ತು, ಹೇಳಲಿಲ್ಲ, ಕ್ಷಮಿಸು ಅಂತ ಹೇಳೋಕೆ. ಆ ದಿನ ವೇದಿಕೆಯಲ್ಲಿ ಹೆಸರು ಓದಿದವರೇ ಮುಂದೆ ನಡೀಬೇಕು.

ಎಲ್ಲಾ ಹೆಸರಿಗಿಂತ ಮೇಲಾದ ಹೆಸರು

ಮುಗಿಸ್ತೀನಿ. ಬ್ರಿಟಿಷರ ಕಾಲದಲ್ಲಿ ಈ ರಾಮನಗರಕ್ಕೆ ಕ್ಲೋಸ್‌ಪೇಟೆ ಅಂತಿದ್ದರು, ಬ್ಯಾರಿ ಕ್ಲೋಸ್ ಅನ್ನೋ ಅಧಿಕಾರಿಯ ಹೆಸರು. ಇಡೀ ಊರಿಗೇ ತನ್ನ ಹೆಸರು ಅಂಟಿದ್ದ ಮನುಷ್ಯ. ಇವತ್ತು ಬಸ್ ಸ್ಟ್ಯಾಂಡಿನಲ್ಲಿ ಹತ್ತು ಜನರನ್ನು ಕೇಳಿ, ಎಷ್ಟು ಜನಕ್ಕೆ ಗೊತ್ತಿರುತ್ತೆ? ಆಮೇಲೆ ರಾಮನಗರ ಆಯ್ತು, 2007ರಲ್ಲಿ ಜಿಲ್ಲೆ ಆಯ್ತು, 2025ರಲ್ಲಿ ಆ ಜಿಲ್ಲೆಗೂ ಬೆಂಗಳೂರು ದಕ್ಷಿಣ ಅಂತ ಹೆಸರಾಯ್ತು. ಮನುಷ್ಯರು ಇಡೋ ಹೆಸರಿನ ಆಯಸ್ಸು ಅಷ್ಟೇ. ಫಿಲಿಪ್ಪಿ 2ರಲ್ಲಿ ಒಂದು ಹೆಸರಿನ ಬಗ್ಗೆ ಬರೆದಿದೆ. ಆತನು ದೇವಸ್ವರೂಪನಾಗಿದ್ದರೂ ಬರಿದು ಮಾಡಿಕೊಂಡನು, ದಾಸನಾದನು, ಶಿಲುಬೆಯ ಮರಣದವರೆಗೂ ಇಳಿದನು. ಅದಕ್ಕೇ ದೇವರು ಆತನಿಗೆ ಎಲ್ಲಾ ಹೆಸರುಗಳಿಗಿಂತ ಮೇಲಾದ ಹೆಸರು ಕೊಟ್ಟನು. ಆತನಾಗಿ ಹೆಸರು ಮಾಡಿಕೊಳ್ಳಲಿಲ್ಲ. ತಂದೆ ಕೊಟ್ಟನು.

ಕನಕಪುರದವರು ಸಂಗಮಕ್ಕೆ ಹೋಗಿರ್ತೀರಿ. ನಂದಿ ಬೆಟ್ಟದ ಕಡೆಯಿಂದ ಹೊರಟು ಇದೇ ರಾಮನಗರ ದಾಟಿ ಬರೋ ಅರ್ಕಾವತಿ ಅಲ್ಲಿ ಕಾವೇರಿ ಸೇರ್ತಾಳೆ. ಆಚೆಗೆ ಅರ್ಕಾವತಿ ಅನ್ನೋ ಹೆಸರಿಲ್ಲ. ನೀರು ಹೋಯ್ತಾ? ಇಲ್ಲ, ಸಮುದ್ರದವರೆಗೆ ಹೋಗೋ ಹೊಳೆಯ ಜೊತೆ ಸೇರಿತು. ಆತನು ಹೆಚ್ಚಬೇಕು, ನಾನು ಕಡಿಮೆಯಾಗಬೇಕು ಅಂದ ಸ್ನಾನಿಕ ಯೋಹಾನನಿಗೆ ಈ ಸಂತೋಷ ಗೊತ್ತಿತ್ತು.

ಈಗ ಎಲ್ಲರೂ ಎದ್ದು ನಿಲ್ಲೋಣ. ಮ್ಯೂಸಿಕ್ ಬೇಡ, ಸ್ವಲ್ಪ ಹೊತ್ತು ಮೌನವಾಗಿರಲಿ. ನಿಮ್ಮ ಮತ್ತು ಇನ್ನೊಬ್ಬರ ನಡುವೆ ಈ ಹಾಲಿನಲ್ಲೇ ಏನಾದರೂ ಇದ್ದರೆ, ಪ್ರಾರ್ಥನೆ ಮುಗಿಯೋದನ್ನು ಕಾಯಬೇಡಿ. ಈಗಲೇ ಅವರ ಹತ್ತಿರ ನಡೆದು ಹೋಗಿ.

ಪ್ರಾರ್ಥಿಸೋಣ. ಪರಲೋಕದ ತಂದೆಯೇ, ನಿನಗೆ ಸ್ತೋತ್ರ. ನಿನ್ನ ಮಗನು ಟವೆಲ್ ಕಟ್ಟಿಕೊಂಡು ನಮ್ಮ ಮುಂದೆ ಮೊಣಕಾಲೂರಿದನು. ನಾವು ಮಾತ್ರ ಇನ್ನೂ ಕುರ್ಚಿಗಾಗಿ ನೋಡ್ತಿದ್ದೀವಿ, ಕರುಣಿಸು. ತುಳಿಯಲ್ಪಟ್ಟವರನ್ನು ಎತ್ತು ಕರ್ತನೇ, ಮೇಲಿರುವವರಿಗೆ ಇಳಿಯೋ ಕೃಪೆ ಕೊಡು. ಜ್ವರಕ್ಕೆ ಕೂತಿರೋ ನಿನ್ನ ಮಕ್ಕಳಿಗೆ ನಿನ್ನ ಸಮಯದಲ್ಲಿ ನಂಬಿಕೆ ಕೊಡು. ಹೋದ ಇಬ್ಬರನ್ನು ಮನೆಗೆ ತಾ, ಅವರನ್ನು ಕರೆಯೋಕೆ ನಮ್ಮ ಕಾಲುಗಳನ್ನು ಬಳಸು. ಈ ನಾಲ್ಕು ಊರಿನ ಎಳೆಗಳನ್ನು ಒಂದೇ ನೂಲಾಗಿ ಮಾಡು. ಹೆಸರು ನಿನ್ನದೇ ಇರಲಿ, ಮಹಿಮೆ ನಿನಗೇ ಸಲ್ಲಲಿ. ಯೇಸು ಕ್ರಿಸ್ತನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್, ಆಮೆನ್.